ಲೆಕ್ಕಕ್ಕಿಲ್ಲ, ಆಟಕ್ಕುಂಟು

ಮಳೆಗಾಲ ಮುಗಿದಿದೆ. ಹಿರಿಯೂರಿನ ಬಳಿಯ ಜವನಗೊಂಡನಹಳ್ಳಿಯಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ಹೊರಳಿದರೆ ಬಳ್ಳಾರಿ ಜಾಲಿಯ ಮೆಳೆ, ನಡುನಡುವೆ ಒಣಗುತ್ತಿರುವ ಹುಲ್ಲು. ಹುಲ್ಲುಗರಿಯ ತುದಿಯಲ್ಲಿ ಒಂದು ಜೀವ. ಉದ್ದ ಒಂದು ಮಿಲಿಮೀಟರಿನ ಆಸುಪಾಸು. ಹಿಂಗಾಲುಗಳಿಂದ ಗರಿಯನ್ನು ಅವಚಿದೆ. ಮುಂಗಾಲು ಎರಡನ್ನೂ ಗಾಳಿಗೆ ಚಾಚಿದೆ. ಕಾಯುತ್ತಿದೆ.

ಅದಕ್ಕೆ ಕಣ್ಣಿಲ್ಲ. ಹಿಮಾಫೈಸಾಲಿಸ್ ಕುಲದ ಉಣ್ಣೆಹುಳಗಳೆಲ್ಲ ಹುಟ್ಟುಕುರುಡು. ಆದರೆ ಮುಂಗಾಲಿನ ತುದಿಯಲ್ಲಿ ಒಂದು ಗುಳಿ ಇದೆ, ಹಾಲರ್ ಅಂಗ ಅಂತ ಹೆಸರು. ಉಸಿರು ಹಿಡಿಯುತ್ತದೆ, ಮೈಬಿಸಿ ಹಿಡಿಯುತ್ತದೆ, ಬೆವರು ಹಿಡಿಯುತ್ತದೆ. ತಿಂಗಳುಗಟ್ಟಲೆ ಉಪವಾಸ ಕೂತರೂ ಸಾಯದ ಗಟ್ಟಿಪಿಂಡ ಇದು. ಈಗ ಆ ಗುಳಿಗೆ ಏನೋ ತಾಕಿತು. ಮಂದೆ ಬರುತ್ತಿದೆ.

ಕುರಿಗಳು ಹಾದವು. ಹಿಂದೆಯೇ ಕುರಿ ಕಾಯುವವನ ಕಾಲು. ಗರಿ ಅಲುಗಿತು. ಹುಳ ಹುಲ್ಲು ಬಿಟ್ಟಿತು, ಕಾಲು ಹಿಡಿಯಿತು.

ಹತ್ತಿತು, ಹತ್ತಿತು, ಮೊಣಕಾಲಿನ ಹಿಂದಿನ ಸಂದಿಗೆ ಬಂದು ನಿಂತಿತು. ಮೂತಿಯ ಜೋಡಿ ಕುಡುಗೋಲು ಹೊರಬಂತು. ಕೊಯ್ದಿತು. ಕೊಯ್ದ ಗಾಯಕ್ಕೆ ಹಿಮ್ಮುಖ ಮುಳ್ಳುಗಳಿರುವ ನಾಳ ನುಗ್ಗಿಸಿತು. ಸುತ್ತ ಸಿಮೆಂಟಿನಂಥ ಅಂಟು ಸುರಿಯಿತು. ಅಂಟು ಗಟ್ಟಿಯಾಯಿತು. ಇನ್ನು ಎಳೆದರೂ ಬರುವುದಿಲ್ಲ. ಆಮೇಲೆ ಜೊಲ್ಲು ಬಿಡಲು ಶುರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸ, ನೋವು ತುರಿಕೆ ಅಡಗಿಸುವ ರಸ, ಕಾವಲು ಕೋಶಗಳ ದಾರಿ ತಪ್ಪಿಸುವ ರಸ. ಕುರಿ ಕಾಯುವವನಿಗೆ ಏನೂ ಗೊತ್ತಾಗಲಿಲ್ಲ. ರೊಪ್ಪಕ್ಕೆ ಕುರಿ ಕೂಡಿದ, ಉಂಡ, ಮಲಗಿದ. ಹುಳ ಮಾತ್ರ ಎಚ್ಚರ. ಇನ್ನು ಮೂರು ದಿನದಿಂದ ಒಂದು ವಾರದವರೆಗೆ ಅದಕ್ಕೆ ಹೀರುವುದೊಂದೇ ಕೆಲಸ.

ಇದನ್ನು ಕಿತ್ತೊಗೆಯಬಲ್ಲ ಬಂಟ ಎಲ್ಲಿದ್ದಾನೆ?

ಸೊಂಟದ ಮೂಳೆಯ ಮಜ್ಜೆಯಲ್ಲಿ. ಆದರೆ ಅವನನ್ನು ಹುಡುಕುವುದೇ ಒಂದು ಸಾಹಸ. ತಾಲ್ಲೂಕು ಆಸ್ಪತ್ರೆಯ ಲ್ಯಾಬಿಗೆ ಹೋಗಿ ನಿಂತು ನೋಡಿ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಎಳೆಯುತ್ತಾರೆ. ಒಣಗಿಸುತ್ತಾರೆ. ಲೀಶ್‌ಮನ್ ಬಣ್ಣ ಹೊಯ್ಯುತ್ತಾರೆ, ಬಫರ್ ಹಾಕುತ್ತಾರೆ, ತೊಳೆಯುತ್ತಾರೆ. ಎಣ್ಣೆಯ ಹನಿ ಇಟ್ಟು ನೂರು ಪಟ್ಟು ಲೆನ್ಸ್ ಇಳಿಸುತ್ತಾರೆ. ಕಣ್ಣು ಸೂಕ್ಷ್ಮದರ್ಶಕದಲ್ಲಿ, ಬೆರಳು ಎಣಿಕೆ ಯಂತ್ರದ ಗುಂಡಿಯ ಮೇಲೆ. ನ್ಯೂಟ್ರೋಫಿಲ್, ನ್ಯೂಟ್ರೋಫಿಲ್, ಲಿಂಫೋಸೈಟ್, ನ್ಯೂಟ್ರೋಫಿಲ್, ಇಯೋಸಿನೋಫಿಲ್. ನೂರು ಬಿಳಿಕಣ ಎಣಿಸಿ ಮುಗಿಸುತ್ತಾರೆ. ರಿಪೋರ್ಟಿನ ಕೊನೆ ಸಾಲು ನೋಡಿ, ನಮ್ಮ ಬಂಟನ ಹೆಸರು ಅಲ್ಲಿದೆ. ಬೇಸೋಫಿಲ್: 0.

ಸೊನ್ನೆ! ಹೆಚ್ಚಿನ ರಿಪೋರ್ಟುಗಳಲ್ಲಿ ಹೀಗೇ. ಡಾಕ್ಟರು ಆ ಸಾಲಿನ ಮೇಲೆ ಕಣ್ಣಾಡಿಸುವುದೂ ಅಪರೂಪ. ಆದರೆ ಸೊನ್ನೆ ಎಂದರೆ ಇಲ್ಲ ಅಂತಲ್ಲ, ಆ ನೂರರೊಳಗೆ ಸಿಗಲಿಲ್ಲ ಅಂತ ಅಷ್ಟೆ. ಬಿಳಿಕಣಗಳಲ್ಲಿ ಬೇಸೋಫಿಲ್‌ನ ಪಾಲು ಶೇಕಡ 1ಕ್ಕಿಂತ ಕಡಿಮೆ. ರಕ್ತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೆಂಪುಕಣಗಳ ನಡುವೆ ಒಂದೇ ಒಂದು ತೇಲುತ್ತಿರುತ್ತದೆ. ಸಿಕ್ಕಿದರೆ ಮಾತ್ರ ತಪ್ಪಿಸಿಕೊಳ್ಳಲಾರದು. ಮೈತುಂಬ ಕಡುನೀಲಿ ಕಣಗಳು, ಒಳಗಿನ ಕೋಶಕೇಂದ್ರವೇ ಕಾಣದಷ್ಟು ದಟ್ಟ. ಆ ಕಣಗಳು ನೀರಿಗೆ ಕರಗುವ ಜಾತಿ. ತೊಳೆಯುವಾಗ ಕೈ ಸ್ವಲ್ಪ ಜೋರಾದರೆ ಅವೂ ಮಾಯ.

ಮೊದಲು ಹಿಡಿದವರು ಜರ್ಮನಿಯ ಪಾಲ್ ಎರ್ಲಿಕ್. ಇಸವಿ 1879. ವಯಸ್ಸು 25. ಬಟ್ಟೆಗೆ ಹಾಕುವ ಅನಿಲಿನ್ ಬಣ್ಣಗಳನ್ನು ರಕ್ತಕ್ಕೆ ಸುರಿದು, ಯಾವ ಕೋಶ ಯಾವ ಬಣ್ಣ ಕುಡಿಯುತ್ತದೆ ಅಂತ ಹಠ ಹಿಡಿದು ನೋಡುತ್ತಿದ್ದ ಹುಡುಗ. ಪ್ರತ್ಯಾಮ್ಲೀಯ ಬಣ್ಣ ಕುಡಿದ ಈ ಕೋಶಕ್ಕೆ ಬೇಸೋಫಿಲ್ ಎಂಬ ಹೆಸರು ಬಿತ್ತು. ಹೆಸರು ಬಿತ್ತು, ಕೆಲಸ ತಿಳಿಯಲಿಲ್ಲ. ಮುಂದಿನ ನೂರು ವರ್ಷದ ಬಹುಪಾಲು ವಿಜ್ಞಾನ ಇದನ್ನು ಮೂಲೆಗೆ ತಳ್ಳಿತು. ಚರ್ಮದಲ್ಲಿ, ಉಸಿರುನಾಳದಲ್ಲಿ ಠಿಕಾಣಿ ಹೂಡಿರುವ ಮಾಸ್ಟ್ ಕೋಶಗಳ ಬಡ ನೆಂಟ ಅಂತ ಮುದ್ರೆ ಒತ್ತಿತು. ಎಷ್ಟಾದರೂ ಮಾಸ್ಟ್ ಕೋಶದ ಆಯಸ್ಸು ವಾರ, ತಿಂಗಳುಗಳ ಲೆಕ್ಕ. ಬೇಸೋಫಿಲ್‌ನದು ಬರೀ ಕೆಲವು ದಿನ.

ಅಷ್ಟು ಕಿರು ಆಯಸ್ಸಿನ, ಅಷ್ಟು ಅಪರೂಪದ ಕೋಶವನ್ನು ಕೋಟಿ ವರ್ಷಗಳಿಂದ ದೇಹ ಯಾಕೆ ಸಾಕಿಕೊಂಡು ಬಂದಿದೆ?

ಉತ್ತರ ಸಿಕ್ಕಿದ್ದು ಉಣ್ಣೆಹುಳದ ಮೂತಿಯ ತುದಿಯಲ್ಲಿ.

ಮೊದಲ ಕಡಿತದ ಕಥೆ ಬೇಗ ಮುಗಿಸೋಣ. ಅದು ಸೋಲು. ನ್ಯೂಟ್ರೋಫಿಲ್‌ಗಳು ಓಡಿ ಬಂದವು. ಜೊಲ್ಲು ಅವುಗಳ ದಿಕ್ಕು ಕೆಡಿಸಿತು. ಹುಳ ಹೀರಿತು, ಊದಿತು, ಕಳಚಿ ಬಿತ್ತು. ಆದರೆ ಬೀಳುವ ಮೊದಲು ಅದಕ್ಕೇ ಗೊತ್ತಿಲ್ಲದೆ ಒಂದು ಕಳ್ಳಸಾಗಣೆ ನಡೆದುಹೋಗಿತ್ತು. ಚರ್ಮದ ಕಾವಲು ಕೋಶಗಳು ಜೊಲ್ಲಿನ ಚೂರುಗಳನ್ನು ಕದ್ದು ಹತ್ತಿರದ ದುಗ್ಧಗ್ರಂಥಿಗೆ ಸಾಗಿಸಿದ್ದವು. ಅಲ್ಲಿ ಗುರುತು ಪರೇಡ್ ನಡೆಯಿತು. ಜೊಲ್ಲಿಗೆ ತಕ್ಕ ಪ್ರತಿಕಾಯಗಳು ತಯಾರಾದವು. ಕೆಲವು ನೆನಪಿನ ಟಿ ಕೋಶಗಳು ಹೊರಟು ಬಂದು ಚರ್ಮದಲ್ಲೇ ಬೀಡುಬಿಟ್ಟವು. ಕಚ್ಚಿಸಿಕೊಂಡ ಜಾಗದಲ್ಲಷ್ಟೇ ಅಲ್ಲ, ದೂರದ ಚರ್ಮದಲ್ಲೂ.

ದಿನ ಉರುಳಿದವು. ಎರಡನೇ ಹುಳ ಹತ್ತಿತು.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಎರಡನೇ ಕಡಿತಕ್ಕೆ ಏನಾಗುತ್ತದೆ ಅಂತ ಮೊದಲು ಕೂತು ಲೆಕ್ಕ ಇಟ್ಟವರು ವಿಲಿಯಂ ಟ್ರೇಗರ್. ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆ, 1939. ಗಿನಿಯಿಲಿಗಳ ಮೇಲೆ ಉಣ್ಣೆಮರಿಗಳನ್ನು ಬಿಟ್ಟರು. ಮೊದಲ ಸಲ ಮರಿಗಳು ಹೊಟ್ಟೆ ಬಿರಿಯ ಕುಡಿದವು. ಅದೇ ಇಲಿಗಳ ಮೇಲೆ ಮತ್ತೆ ಬಿಟ್ಟರು. ಈ ಸಲ ಮರಿಗಳು ತಡಕಾಡಿದವು, ಬಡಕಲಾದವು, ಸತ್ತವು, ಉದುರಿದವು. ಇಲಿ ಗೆದ್ದಿತ್ತು. ಹೇಗೆ ಗೆದ್ದಿತು ಅಂತ ಯಾರಿಗೂ ಹೊಳೆಯಲಿಲ್ಲ. ಇದೇ ಟ್ರೇಗರ್ ಮುಂದೆ 1976ರಲ್ಲಿ ಮಲೇರಿಯಾ ಜೀವಿಯನ್ನು ಪ್ರಯೋಗಾಲಯದ ಪಾತ್ರೆಯಲ್ಲಿ ಬೆಳೆಸಿ ಲೋಕಪ್ರಸಿದ್ಧರಾದರು. ಇಲಿ-ಉಣ್ಣೆಯ ಒಗಟು ಹಾಗೇ ಉಳಿಯಿತು.

34 ವರ್ಷ ಉಳಿಯಿತು. 1973ರಲ್ಲಿ ಜೆ.ಆರ್. ಅಲೆನ್ ಗೆದ್ದ ಇಲಿಯ ಚರ್ಮದ ಚೂರು ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹುಳದ ಮೂತಿಯ ಸುತ್ತ ಕಡುನೀಲಿ ಕಣಗಳ ದಂಡು. ಬೇಸೋಫಿಲ್! ರಕ್ತದಲ್ಲಿ ನೂರಕ್ಕೊಂದು ಸಿಗದ ಕೋಶ ಅಲ್ಲಿ ಗುಂಪುಗುಂಪಾಗಿ ನಿಂತಿತ್ತು.

ನಿಂತಿದ್ದು ಸರಿ. ಹೊಡೆದದ್ದು ಅವೇ ಅಂತ ಪುರಾವೆ? ಜಾತ್ರೆಯಲ್ಲಿ ಕಂಡವರೆಲ್ಲ ತೇರು ಎಳೆದವರಲ್ಲವಲ್ಲ. 1982ರಲ್ಲಿ ಬ್ರೌನ್, ಗಲ್ಲಿ, ಗ್ಲೈಕ್, ಆಸ್ಕಿನೇಸ್ ಎಂಬ ನಾಲ್ವರು ಕಟುಕ ಪ್ರಯೋಗಕ್ಕೆ ಕೈಹಾಕಿದರು. ಬೇಸೋಫಿಲ್‌ಗಳನ್ನೇ ಹುಡುಕಿ ಕೊಲ್ಲುವ ಸೀರಂ ತಯಾರಿಸಿದರು. ಗೆದ್ದ ಗಿನಿಯಿಲಿಗಳಿಗೆ ಚುಚ್ಚಿದರು. ಉಣ್ಣೆ ಬಿಟ್ಟರು. ಹುಳಗಳು ಮತ್ತೆ ಹೊಟ್ಟೆ ತುಂಬ ಕುಡಿದವು. ಬೇಸೋಫಿಲ್ ಹೋಯಿತು, ಗೆಲುವೂ ಹೋಯಿತು.

ಇಷ್ಟಾದರೂ ಅನುಮಾನದ ಮಂದಿ ಸುಮ್ಮನಾಗಲಿಲ್ಲ. ಸೀರಂ ಬೇರೆ ಕೋಶಗಳನ್ನೂ ತಿಂದಿರಬಹುದಲ್ಲ? ಕೊನೆ ಏಟು ಬಿದ್ದದ್ದು ಟೋಕಿಯೊದಲ್ಲಿ, 2010ರಲ್ಲಿ. ಹಾಜಿಮೆ ಕರಸುಯಾಮ ಅವರ ತಂಡ ಒಂದು ವಿಚಿತ್ರ ಇಲಿ ಸೃಷ್ಟಿಸಿತು. ಡಿಫ್ತೀರಿಯಾ ವಿಷ ಚುಚ್ಚಿದರೆ ಬೇಸೋಫಿಲ್ ಮಾತ್ರ ಸಾಯಬೇಕು, ಉಳಿದದ್ದೆಲ್ಲ ಬದುಕಬೇಕು. ಎರಡನೇ ಸಲ ಉಣ್ಣೆ ಹತ್ತಿಸುವ ಹೊತ್ತಿಗೆ ವಿಷ ಕೊಟ್ಟರು. ಮಾಸ್ಟ್ ಕೋಶ ಇತ್ತು, ಪ್ರತಿಕಾಯ ಇತ್ತು, ಎಲ್ಲ ಇತ್ತು. ಬೇಸೋಫಿಲ್ ಒಂದಿರಲಿಲ್ಲ. ಇಲಿ ಸೋತಿತು. ಆ ಪ್ರಯೋಗದ ಹುಳ ಯಾವುದು ಗೊತ್ತೇ? ಹಿಮಾಫೈಸಾಲಿಸ್. ನಮ್ಮ ಹುಲ್ಲುಗರಿಯ ಮೇಲೆ ಕೂತಿದ್ದ ಅದೇ ಕುಲ.

ಈಗ ಮೊಣಕಾಲಿನ ಸಂದಿಗೆ ವಾಪಸ್. ಎರಡನೇ ಹುಳ ಸಿಮೆಂಟು ಸುರಿದು ಕೂತಿದೆ. ಜೊಲ್ಲಿನ ಮೊದಲ ಹನಿ ಇಳಿಯಿತು. ಬೀಡುಬಿಟ್ಟಿದ್ದ ಟಿ ಕೋಶಗಳು ಗುರುತು ಹಿಡಿದವು. ಐಎಲ್-3 ಎಂಬ ಕರೆ ಹೊರಟಿತು. ಬೇಸೋಫಿಲ್‌ಗೆ ಅದು ಯುದ್ಧದ ಕಹಳೆ.

ದೂರ ಎಷ್ಟು? ಸೊಂಟದ ಮಜ್ಜೆಯಿಂದ ಕಾಲಿಗೆ ಒಂದು ಮೀಟರ್ ಅಂತಿಟ್ಟುಕೊಳ್ಳಿ. ಕೋಶದ ಅಡ್ಡಳತೆ ಸುಮಾರು 10 ಮೈಕ್ರಾನ್. ಅಂದರೆ ತನ್ನ ಮೈಯ ಒಂದು ಲಕ್ಷ ಪಟ್ಟು ದೂರ. ಆಳಿನ ಅಳತೆಗೆ ಇಳಿಸಿದರೆ ಜವನಗೊಂಡನಹಳ್ಳಿಯಿಂದ ಹೊರಟು ಬೆಂಗಳೂರು ತಲುಪಿ ಇನ್ನೂ ಮುಂದಕ್ಕೆ. ಅಷ್ಟು ದೂರ ರಕ್ತದ ಸೆಳವೇ ಹೊತ್ತು ತರುತ್ತದೆ. ಕಷ್ಟ ಇರುವುದು ಕೊನೆಯ ಕೂದಲೆಳೆಯಷ್ಟು ಹಾದಿಯಲ್ಲಿ.

ಸೆಳವಿನಲ್ಲಿ ಕೊಚ್ಚಿಹೋಗುತ್ತಲೇ ರಕ್ತನಾಳದ ಗೋಡೆ ಹಿಡಿಯಬೇಕು. ಹಿಡಿಯಿತು, ಜಾರಿತು. ಉರುಳಿತು. ಮತ್ತೆ ಹಿಡಿಯಿತು. ಗೋಡೆಯ ಎರಡು ಕೋಶಗಳ ನಡುವಿನ ಸಂದಿಗೆ ಮೈ ತೂರಿಸಿತು. ತನಗಿಂತ ಎಷ್ಟೋ ಕಿರಿದಾದ ಸಂದು. ಮೈ ಹಿಂಡಿತು, ಚಪ್ಪಟೆಯಾಯಿತು, ಆಚೆ ಜಾರಿತು. ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು.

ಹುಳದ ಮೂತಿ ಮುಂದೆಯೇ ಇದೆ.

ಬೇಸೋಫಿಲ್‌ನ ಮೈಮೇಲೆಲ್ಲ ಐಜಿಇ ಪ್ರತಿಕಾಯ ಹಿಡಿದಿಡುವ ಕೊಕ್ಕೆಗಳು. ಸಾವಿರಗಟ್ಟಲೆ, ಕೆಲವರಲ್ಲಿ ಲಕ್ಷಗಟ್ಟಲೆ. ಕೊಕ್ಕೆಯಲ್ಲಿ ಕೂತ ಪ್ರತಿಕಾಯಗಳು ಜೊಲ್ಲಿಗಾಗಿಯೇ ತಯಾರಾದವು. ಜೊಲ್ಲಿನ ಒಂದು ಪ್ರೋಟೀನ್ ಬಂದು ಎರಡು ಪ್ರತಿಕಾಯಗಳಿಗೆ ಒಟ್ಟಿಗೆ ತಗುಲಿಕೊಂಡಿತು. ಅಷ್ಟೇ ಬೇಕಿತ್ತು. ನಿಮಿಷಗಳಲ್ಲಿ ಕಡುನೀಲಿ ಕಣಗಳು ಅಂಚಿಗೆ ನುಗ್ಗಿದವು, ಒಡೆದವು, ಹಿಸ್ಟಮಿನ್ ಚಿಮ್ಮಿತು. ಬೆನ್ನಿಗೇ ಲ್ಯೂಕೋಟ್ರೀನ್. ಗಂಟೆಗಳ ಬಳಿಕ ಐಎಲ್-4, ಇಯೋಸಿನೋಫಿಲ್‌ಗಳಿಗೆ ಬುಲಾವ್. ಹಿಸ್ಟಮಿನ್ ತಾಕಿದ ಹೊರಚರ್ಮ ದಪ್ಪಗಾಗತೊಡಗಿತು. ಹುಳದ ಮೂತಿಗೂ ರಕ್ತಕ್ಕೂ ನಡುವೆ ಗೋಡೆ ಏಳುತ್ತಿದೆ. ಬೇಸೋಫಿಲ್ ಸುರಿದ ಹಿಸ್ಟಮಿನ್ ಇದಕ್ಕೆ ಬೇಕೇ ಬೇಕು, ಮಾಸ್ಟ್ ಕೋಶದ್ದು ಸಾಲದು ಅಂತ 2018ರಲ್ಲಿ ಅದೇ ಟೋಕಿಯೊ ತಂಡ ಇಲಿಗಳಲ್ಲಿ ತೋರಿಸಿತು. ಅದಕ್ಕೂ ಒಂದು ವರ್ಷ ಮೊದಲು ಜಪಾನಿನಲ್ಲೇ ಉಣ್ಣೆ ಕಚ್ಚಿದ ಮನುಷ್ಯರ ಚರ್ಮದಲ್ಲೂ ಬೇಸೋಫಿಲ್ ದಂಡು ಕಂಡಿತ್ತು.

ಹುಳ ಸುಮ್ಮನಿರುತ್ತದೆಯೇ? ಅದೂ ಹಳೇ ಹುಲಿ. ಕೆಲವು ಜಾತಿಯ ಉಣ್ಣೆಗಳ ಜೊಲ್ಲಿನಲ್ಲಿ ಹಿಸ್ಟಮಿನ್ನನ್ನೇ ಹಿಡಿದು ನುಂಗುವ ಪ್ರೋಟೀನ್ ಇದೆ. 1999ರಲ್ಲಿ ಆಫ್ರಿಕಾದ ಜಾನುವಾರು ಉಣ್ಣೆಯೊಂದರಲ್ಲಿ ಪತ್ತೆಯಾಯಿತು. ಬಂಟ ಬಾಣ ಬಿಡುತ್ತಾನೆ, ಹುಳ ಬಾಣ ಹಿಡಿಯುತ್ತದೆ. ಬಂಟ ಇನ್ನಷ್ಟು ಬಿಡುತ್ತಾನೆ. ಯಾರ ಬತ್ತಳಿಕೆ ಮೊದಲು ಬರಿದು?

ಅದು ಯಾರ ಚರ್ಮ ಎಂಬುದರ ಮೇಲೆ ನಿಂತಿದೆ. ಎಚ್‌ಎಫ್ ಹಸು ಕಟ್ಟಿದ ರೈತರನ್ನು ಕೇಳಿ. ನಾಟಿ ಹಸುವಿನ ಮೈಮೇಲೆ ಹತ್ತು ಉಣ್ಣೆ ಇದ್ದರೆ ಎಚ್‌ಎಫ್ ಮೈಮೇಲೆ ಎಣಿಸಲಾಗದಷ್ಟು. ಬ್ರೆಜಿಲಿನಲ್ಲಿ ಇದನ್ನೇ ಹಿಡಿದು ನೋಡಿದರು. ಒಂದು ಕಡೆ ಹೋಲ್‌ಸ್ಟೀನ್, ಅಂದರೆ ನಮ್ಮ ಎಚ್‌ಎಫ್, ಇನ್ನೊಂದು ಕಡೆ ನೆಲೋರ್. ಅಲ್ಲಿನ ನೆಲೋರ್ ತಳಿಯ ಮೂಲ ನಮ್ಮ ಪಕ್ಕದ ಆಂಧ್ರದ ಒಂಗೋಲ್ ದನ. ಉಣ್ಣೆಗೆ ಬಗ್ಗದ ನೆಲೋರ್ ಚರ್ಮದ ಕಡಿತದ ಜಾಗದಲ್ಲಿ ಬೇಸೋಫಿಲ್, ಇಯೋಸಿನೋಫಿಲ್ ಎರಡೂ ಹೆಚ್ಚು. 2010ರಲ್ಲಿ ವರದಿ ಬಂತು. ಚಿತ್ರದುರ್ಗ ಸೀಮೆಯ ಕಾವಲುಗಳಲ್ಲಿ ಮೇಯ್ದು ಬೆಳೆದ ಅಮೃತ್ ಮಹಲ್ ದನವೂ ಅದೇ ಡುಬ್ಬದ ದನಗಳ ಬಳಗ. ಹಾಲು ಕಡಿಮೆ ಅಂತ ಅದನ್ನು ಬೈಯುವವರು ಅದರ ಚರ್ಮದ ಕಸುವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಒಳ್ಳೆಯದು.

ಒಂದು ಹುಳ ಒಂದಿಷ್ಟು ರಕ್ತ ಕುಡಿದರೆ ಕುಡಿಯಲಿ, ಅದಕ್ಕೇಕೆ ಇಷ್ಟು ರಾದ್ಧಾಂತ ಅನ್ನುವವರಿದ್ದರೆ 1957ಕ್ಕೆ ಬನ್ನಿ.

ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು, ಕ್ಯಾಸನೂರು ಕಾಡು. ಮಂಗಗಳು ಸತ್ತು ಬೀಳುತ್ತಿವೆ. ಮುಸಿಯ, ಕೆಂಪು ಮುಖದ ಮಂಗ, ಎರಡೂ. ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋದವರು ಜ್ವರ ಹೊತ್ತು ಬರುತ್ತಿದ್ದಾರೆ. ತಲೆ ಸಿಡಿತ, ಮೈ ನುಜ್ಜು, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಭಾರತೀಯ ಸಹೋದ್ಯೋಗಿಗಳು ಧಾವಿಸಿದರು. ಸತ್ತ ಮಂಗ ಕೊಯ್ದರು, ರಕ್ತ ತೆಗೆದರು, ಹುಲ್ಲು-ತರಗೆಲೆ ಜಾಲಾಡಿ ಉಣುಗು ಹಿಡಿದರು. ಮಲೆನಾಡಿನವರ ಉಣುಗು ಅಂದರೆ ನಮ್ಮ ಉಣ್ಣೆಯೇ. ಹೊಸ ವೈರಸ್ ಸಿಕ್ಕಿತು. ಹೊತ್ತು ತಿರುಗುವ ಹುಳವೂ ಸಿಕ್ಕಿತು. ಹಿಮಾಫೈಸಾಲಿಸ್ ಸ್ಪಿನಿಜೆರಾ. ಮತ್ತದೇ ಕುಲ!

ಈ ವೈರಸ್ ತರುವ ಮಂಗನ ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಹುಳ ಜೊಲ್ಲು ಬಿಡುತ್ತ ಕೂತಷ್ಟೂ ರೋಗದ ಸರಕು ಇಳಿಯುವ ಅಪಾಯ. ಆದ್ದರಿಂದ ಪ್ರಶ್ನೆ ನೇರ: ಚರ್ಮ ಹುಳವನ್ನು ಬೇಗ ಒದ್ದೋಡಿಸಿದರೆ ರೋಗವೂ ತಪ್ಪುತ್ತದೆಯೇ? 1979ರಲ್ಲಿ ಅಮೆರಿಕದಲ್ಲಿ ಮೊಲಗಳ ಮೇಲೆ ಇದನ್ನು ಪರೀಕ್ಷಿಸಿದರು. ಮೊದಲೇ ಉಣ್ಣೆ ಕಚ್ಚಿಸಿಕೊಂಡು ಪಳಗಿದ ಮೊಲಗಳಿಗೆ ಟುಲರೀಮಿಯಾ ಎಂಬ ರೋಗದ ಬ್ಯಾಕ್ಟೀರಿಯಾ ಹೊತ್ತ ಉಣ್ಣೆ ಹತ್ತಿಸಿದರು. ಪಳಗದ ಮೊಲಗಳಿಗಿಂತ ಅವು ಎಷ್ಟೋ ಚೆನ್ನಾಗಿ ಪಾರಾದವು. 2021ರಲ್ಲಿ ಯೇಲ್ ವಿಶ್ವವಿದ್ಯಾಲಯದ ಎರೋಲ್ ಫಿಕ್ರಿಗ್ ತಂಡ ಇನ್ನೂ ಮುಂದೆ ಜಿಗಿಯಿತು. ಉಣ್ಣೆಯ ಜೊಲ್ಲಿನ 19 ಪ್ರೋಟೀನುಗಳ ಎಂಆರ್‌ಎನ್‌ಎ ಲಸಿಕೆ ಕಟ್ಟಿತು. ಗಿನಿಯಿಲಿಗೆ ಚುಚ್ಚಿತು. ಉಣ್ಣೆ ಕಚ್ಚಿದ ಜಾಗ ಒಂದು ದಿನದೊಳಗೆ ಕೆಂಪಾಯಿತು, ಹುಳಗಳು ಹೊಟ್ಟೆ ತುಂಬುವ ಮೊದಲೇ ಕಳಚಿದವು, ಲೈಮ್ ರೋಗದ ಬ್ಯಾಕ್ಟೀರಿಯಾ ಇಲಿಗೆ ದಾಟಲಿಲ್ಲ. ಟ್ರೇಗರ್ ಬದುಕಿದ್ದರೆ ಕುಣಿದಾಡುತ್ತಿದ್ದರು.

ಲಸಿಕೆ ಇನ್ನೂ ಇಲಿಯ ಮಟ್ಟದ್ದು. ಅಲ್ಲಿಯವರೆಗೆ ಹಟ್ಟಿಯ ಹಿರಿಯರ ಕಣ್ಣೇ ಗತಿ. "ಏ ತಮ್ಮಾ, ಮಂಡಿ ಹಿಂದೆ ಉಣ್ಣೆ ಹತ್ತೈತೆ ನೋಡ್ಲಾ" ಅಂತ ಯಾರಾದರೂ ಕೂಗಿದರೆ ಬೀಡಿ ಕೆಂಡ ಬೇಡ, ಸೀಮೆಎಣ್ಣೆ ಬೇಡ. ಕೆರಳಿದ ಹುಳ ಇನ್ನಷ್ಟು ಜೊಲ್ಲು ಕಕ್ಕಬಹುದು. ಚಿಮಟದಲ್ಲಿ ಚರ್ಮಕ್ಕೆ ಹತ್ತಿರ, ಮೂತಿಯನ್ನೇ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಬೇಕು. ಸೋಪು ನೀರಲ್ಲಿ ತೊಳೆಯಬೇಕು. ಮುಂದೆ ಜ್ವರ ಬಂದರೆ ಹುಳ ಕಚ್ಚಿದ್ದನ್ನು ಡಾಕ್ಟರಿಗೆ ಹೇಳಬೇಕು.

ಇಲ್ಲಿಯವರೆಗೆ ಬಂಟ ನಮ್ಮ ಕಡೆ. ಇನ್ನು ಮೇಲಿನ ದಾರಿ ಕಡಿದು. ಅವನ ಕತ್ತಿ ನಮ್ಮ ಕಡೆಗೇ ತಿರುಗುತ್ತದೆ.

ಇದರ ಮೊದಲ ಸುಳಿವು ಹಿಡಿದ ಸಾಹಸಿಗಳು ಇಬ್ಬರು. ಜರ್ಮನಿ, 1921. ಹೈಂಜ್ ಕ್ಯುಸ್ಟ್ನರ್‌ಗೆ ಮೀನು ಆಗುವುದಿಲ್ಲ, ತಿಂದರೆ ಮೈಯೆಲ್ಲ ದದ್ದು. ಕಾರ್ಲ್ ಪ್ರಾಸ್ನಿಟ್ಸ್‌ಗೆ ಮೀನು ತಿಂದರೆ ಏನೂ ಇಲ್ಲ. ಪ್ರಾಸ್ನಿಟ್ಸ್ ತನ್ನ ಹೊಟ್ಟೆಯ ಚರ್ಮಕ್ಕೇ ಕ್ಯುಸ್ಟ್ನರ್‌ನ ಸೀರಂ ಚುಚ್ಚಿಸಿಕೊಂಡರು. ಮಾರನೆ ದಿನ ಅದೇ ಜಾಗಕ್ಕೆ ಮೀನಿನ ಸಾರ. ನಿಮಿಷಗಳಲ್ಲಿ ಅಲ್ಲಿ ದದ್ದು ಎದ್ದಿತು. ಒಬ್ಬನ ಅಲರ್ಜಿ ಇನ್ನೊಬ್ಬನ ಚರ್ಮಕ್ಕೆ ದಾಟಿತ್ತು! ರಕ್ತದಲ್ಲಿ ಅದೇನೋ ಇದೆ. ಆ ಅದೇನೋ ಐಜಿಇ ಅಂತ ತಿಳಿಯಲು 1966 ಬರಬೇಕಾಯಿತು. ಅಮೆರಿಕದ ಡೆನ್ವರ್‌ನಲ್ಲಿ ಕಿಮಿಶಿಗೆ ಮತ್ತು ತೆರುಕೊ ಇಶಿಝಾಕಾ ದಂಪತಿ ಹಿಡಿದರು, ಮರುವರ್ಷವೇ ಸ್ವೀಡನ್ನಿನ ಉಪ್ಸಾಲಾದಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್. ಅದಕ್ಕೂ ಮುಂಚೆ, 1964ರಲ್ಲಿ, ಲಿಖ್ಟೆನ್‌ಸ್ಟೈನ್ ಮತ್ತು ಆಸ್ಲರ್ ಅಲರ್ಜಿ ಇರುವವರ ಬಿಳಿಕಣಗಳಿಗೆ ಪರಾಗದ ಸಾರ ಸೋಕಿಸಿ ಹಿಸ್ಟಮಿನ್ ಚಿಮ್ಮಿಸಿದ್ದರು. ಚಿಮ್ಮಿಸಿದ ಕೋಶ ನಮ್ಮ ಬೇಸೋಫಿಲ್.

ಅಂದರೆ ಹುಳಕ್ಕೆ ಹೊಂಚು ಹಾಕಿದ ಅದೇ ಕೊಕ್ಕೆ, ಅದೇ ಐಜಿಇ, ಅದೇ ಸಿಡಿಮದ್ದು. ಗುರಿ ಮಾತ್ರ ಬೇರೆ. ಮೀನು, ಶೇಂಗಾ, ಪೆನಿಸಿಲಿನ್, ಜೇನಿನ ಮುಳ್ಳು. ಅಲರ್ಜಿಯನ್ನು ಶ್ರೀಮಂತರ ಸೂಕ್ಷ್ಮ ಕಾಯಿಲೆ ಅಂತ ನಗುವವರಿದ್ದಾರೆ. ಅವರಿಗೆ ಈ ಆಯುಧ ಹರಿತವಾದದ್ದು ಎಂಥ ರಣದಲ್ಲಿ ಅಂತ ಗೊತ್ತಿಲ್ಲ.

ಹೆಜ್ಜೇನು ಎದ್ದಾಗ ಏನಾಗುತ್ತದೆ ನೋಡಿ. ಬಂಡೆಯ ಚಾಚು, ಅರಳಿಮರ, ಊರ ನೀರಿನ ಟ್ಯಾಂಕು, ಎಲ್ಲಿ ಬೇಕಾದರೂ ಹುಟ್ಟಿ ಕಟ್ಟುವ ಜಾತಿ. ಹತ್ತಾರು ಕಡಿದರೂ ಊದಿಸಿಕೊಂಡು ಎದ್ದು ಹೋಗುವವರಿದ್ದಾರೆ. ಒಂದೇ ಕಡಿತಕ್ಕೆ ಬೀಳುವವರೂ ಇದ್ದಾರೆ. ಅಂಥವರ ಐಜಿಇ ಮೊದಲೇ ವಿಷಕ್ಕೆ ತಯಾರಾಗಿ ಕೂತಿರುತ್ತದೆ. ಮುಳ್ಳು ಇಳಿಯಿತು. ಅಂಗೈ ತುರಿಸಿತು. ತುಟಿ ಊದಿತು. ಗಂಟಲು ಬಿಗಿಯಿತು. ಎಲ್ಲ ಕಡೆಯ ಮಾಸ್ಟ್ ಕೋಶ ಒಟ್ಟಿಗೆ ಒಡೆದವು. ಈ ರಣದಲ್ಲಿ ಮುಂದಾಳು ಅವೇ, ಬೇಸೋಫಿಲ್ ಜೊತೆಗಾರ. ರಕ್ತದೊತ್ತಡ ಕುಸಿಯಿತು. ಆ ಹೊತ್ತಿಗೆ ರಕ್ತ ತೆಗೆದು ನೋಡಿದರೆ ಬೇಸೋಫಿಲ್ ಎಣಿಕೆ ಇಳಿದಿರುತ್ತದೆ. ಅವು ರಕ್ತ ಬಿಟ್ಟು ಹೊರಟಿರುತ್ತವೆ.

ಬ್ರಿಟನ್ನಿನಲ್ಲಿ ಇಂಥ ಸಾವುಗಳ ದಾಖಲೆ ಕೆದಕಿ 2000ದಲ್ಲಿ ಒಂದು ಲೆಕ್ಕ ಬಂತು. ಕೀಟ ಕಡಿದು ಸತ್ತವರಲ್ಲಿ ಮುಳ್ಳು ಇಳಿದದ್ದರಿಂದ ಉಸಿರು ಅಥವಾ ಹೃದಯ ನಿಲ್ಲುವವರೆಗೆ ನಡುಅಂದಾಜು 15 ನಿಮಿಷ. ಜವನಗೊಂಡನಹಳ್ಳಿಯಿಂದ ಹಿರಿಯೂರಿಗೆ ಹೆದ್ದಾರಿ ಖಾಲಿ ಇದ್ದರೂ ಅಷ್ಟು ಹೊತ್ತು ಬೇಕು. ಲೆಕ್ಕ ನೀವೇ ಹಾಕಿ.

ಈ ಓಟ ಗೆಲ್ಲುವ ಮದ್ದು ಒಂದೇ. ಅಡ್ರಿನಲಿನ್. ಒಂದು ಮಿಲಿಲೀಟರಿನ ಪುಟ್ಟ ಗಾಜಿನ ಸೀಸೆ, ಒಳಗೆ ಒಂದು ಮಿಲಿಗ್ರಾಂ. ದೊಡ್ಡವರಿಗೆ ಅದರಲ್ಲಿ ಅರ್ಧ, ತೊಡೆಯ ಹೊರಮಗ್ಗುಲ ಮಾಂಸಖಂಡಕ್ಕೆ. ನಿಮಿಷಗಳಲ್ಲಿ ರಕ್ತನಾಳ ಬಿಗಿಯುತ್ತದೆ, ಉಸಿರುನಾಳ ತೆರೆಯುತ್ತದೆ. ಅಲರ್ಜಿ ಮಾತ್ರೆ ತುರಿಕೆಗೆ ಸರಿ, ಇಲ್ಲಿ ಜೀವ ಉಳಿಸಲಾರದು. ಬಿದ್ದವರನ್ನು ಮಲಗಿಸಿ ಕಾಲು ಎತ್ತಿಡಬೇಕು, ಉಸಿರಿಗೆ ಕಷ್ಟವಾದರೆ ಒರಗಿಸಿ ಕೂರಿಸಬೇಕು. ಎದ್ದು ನಡೆಸಬಾರದು. ಹಠಾತ್ತನೆ ಎದ್ದು ನಿಂತು ಪ್ರಾಣ ಬಿಟ್ಟವರಿದ್ದಾರೆ.

ಉಣ್ಣೆಗೂ ಅಲರ್ಜಿಗೂ ನೇರ ಗಂಟು ಬಿದ್ದ ಕಥೆ ಇನ್ನೂ ರೋಚಕ. ಥಾಮಸ್ ಪ್ಲ್ಯಾಟ್ಸ್-ಮಿಲ್ಸ್, ವರ್ಜೀನಿಯಾದ ಹೆಸರಾಂತ ಅಲರ್ಜಿ ತಜ್ಞ. ಸೆಟುಕ್ಸಿಮಾಬ್ ಎಂಬ ಕ್ಯಾನ್ಸರ್ ಮದ್ದು ಅಮೆರಿಕದ ಆಗ್ನೇಯ ರಾಜ್ಯಗಳಲ್ಲೇ ಹೆಚ್ಚಾಗಿ ರೋಗಿಗಳನ್ನು ಯಾಕೆ ಕೆಡವುತ್ತಿದೆ ಅಂತ ಅವರ ತಂಡ ಬೆನ್ನಟ್ಟಿತ್ತು. ಮದ್ದಿನಲ್ಲಿದ್ದ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಗೆ ಆ ರೋಗಿಗಳಲ್ಲಿ ಮೊದಲೇ ಐಜಿಇ ಇತ್ತು. ಆ ಸಕ್ಕರೆ ಕುರಿ, ಮೇಕೆ, ದನ, ಹಂದಿಯ ಮೈಯಲ್ಲಿದೆ. ಮನುಷ್ಯರಲ್ಲಿ ಇಲ್ಲ, ನಮ್ಮ ಮಂಗಗಳಲ್ಲೂ ಇಲ್ಲ. ಹಾಗಾದರೆ ಐಜಿಇ ಹುಟ್ಟಿಸಿದ್ದು ಯಾರು?

2007ರ ಬೇಸಿಗೆ. ಪ್ಲ್ಯಾಟ್ಸ್-ಮಿಲ್ಸ್ ಗುಡ್ಡ ಹತ್ತಲು ಹೋದರು. ಕಾಲುಚೀಲ ತೆಗೆದರೆ ತುಂಬ ಉಣ್ಣೆಮರಿ! ಕೆರೆದುಕೊಂಡರು. ತಿಂಗಳುಗಳ ಬಳಿಕ ಲಂಡನ್ನಿನಲ್ಲಿ ಕುರಿಮರಿಯ ಮಾಂಸ ಉಂಡು ಮಲಗಿದರು. ಆರು ಗಂಟೆ ಏನೂ ಇಲ್ಲ. ನಡುರಾತ್ರಿ ಎಚ್ಚರವಾಯಿತು. ಮೈಯೆಲ್ಲ ದದ್ದು. ಬೇಟೆಗಾರ ತಾನೇ ಬೇಟೆಯಾಗಿದ್ದ. ಜೊಲ್ಲಿನ ಮೂಲಕ ಉಣ್ಣೆಯೇ ಆ ಐಜಿಇ ಹುಟ್ಟಿಸಿತ್ತು. ಆಸ್ಟ್ರೇಲಿಯಾದಲ್ಲಿ ಶೆರಿಲ್ ವ್ಯಾನ್ ನ್ಯೂನೆನ್ ಕೂಡ ಉಣ್ಣೆ ಕಚ್ಚಿದವರಿಗೆ ಮಾಂಸ ಒಗ್ಗದಿರುವುದನ್ನು ಅದೇ ಕಾಲಕ್ಕೆ ಗುರುತಿಸಿದ್ದರು.

ಉಂಡ ಕೂಡಲೇ ಬಾರದೆ ಗಂಟೆಗಟ್ಟಲೆ ತಡವಾಗಿ ಬರುವ ಈ ಅಲರ್ಜಿಯನ್ನು ಕಣ್ಣಾರೆ ಹಿಡಿಯಬೇಕಿತ್ತು. ಸ್ಕಾಟ್ ಕಾಮಿನ್ಸ್ ಮತ್ತು ಸಂಗಡಿಗರು ರೋಗಿಗಳನ್ನು ಆಸ್ಪತ್ರೆಯಲ್ಲಿ ಕೂರಿಸಿ ಮಾಂಸ ತಿನ್ನಿಸಿದರು. ಸೂಜಿ ಸಿದ್ಧ, ಅಡ್ರಿನಲಿನ್ ಸಿದ್ಧ. ಹೊತ್ತುಹೊತ್ತಿಗೆ ರಕ್ತ ಎಳೆದರು. ಒಂದು ಗಂಟೆ, ಎರಡು ಗಂಟೆ, ಏನಿಲ್ಲ. ಆಮೇಲೆ ಬೇಸೋಫಿಲ್‌ಗಳ ಮೈಮೇಲೆ ಸಿಡಿ63 ಎಂಬ ಗುರುತು ಹೊಳೆಯತೊಡಗಿತು. ಕಣ ಒಡೆದಾಗ ಮಾತ್ರ ಮೇಲೆ ಬರುವ ಗುರುತು ಅದು. ಸರಿಸುಮಾರು ಅದೇ ಹೊತ್ತಿಗೆ ದದ್ದು ಎದ್ದವು. 2014ರಲ್ಲಿ ವರದಿ ಪ್ರಕಟವಾಯಿತು.

ಅದೇ ಸಿಡಿ63 ಇಂದು ಪರೀಕ್ಷೆಯಾಗಿ ಬಳಕೆಯಲ್ಲಿದೆ. ರೋಗಿಗೆ ಏನನ್ನೂ ತಿನ್ನಿಸಬೇಕಿಲ್ಲ, ಚುಚ್ಚಬೇಕಿಲ್ಲ. ಒಂದಿಷ್ಟು ರಕ್ತ ತೆಗೆದು ಕೊಳವೆಯಲ್ಲೇ ಶೇಂಗಾ ಸಾರವೋ ಜೇನಿನ ವಿಷವೋ ಸೋಕಿಸುತ್ತಾರೆ. ಆಮೇಲೆ ಲೇಸರ್ ಯಂತ್ರದ ಮುಂದೆ ಕೋಶಗಳನ್ನು ಒಂದೊಂದಾಗಿ ಓಡಿಸುತ್ತಾರೆ. ಯಾವುದು ಹೊಳೆಯಿತು, ಯಾವುದು ಇಲ್ಲ. ತೊಡಕೂ ಇದೆ. ರಕ್ತ ತಾಜಾ ಇರಬೇಕು, ಒಂದು ದಿನದೊಳಗೆ ಕೆಲಸ ಮುಗಿಯಬೇಕು. ನೂರರಲ್ಲಿ ಹತ್ತರ ಆಸುಪಾಸು ಜನರ ಬೇಸೋಫಿಲ್‌ಗಳು ಜಪ್ಪಯ್ಯ ಅಂದರೂ ಈ ಪರೀಕ್ಷೆಗೆ ಸ್ಪಂದಿಸುವುದಿಲ್ಲ.

ಕೊನೆಯ ಏರು ಇನ್ನೂ ಬಾಕಿ. ತಿರುಗಿಬಿದ್ದ ಬಂಟನನ್ನು ಪಳಗಿಸಬಹುದೇ? ಜೇನಿನ ವಿಷಕ್ಕೆ ಬೀಳುವವರಿಗೆ ಅದೇ ವಿಷವನ್ನು ಚುಚ್ಚುತ್ತಾರೆ! ಮೊದಲು ಮೈಕ್ರೋಗ್ರಾಮಿನ ಸಣ್ಣ ಪಾಲು. ತಡೆದುಕೊಂಡರೆ ಇನ್ನೊಂಚೂರು. ಏರಿಸುತ್ತ ಏರಿಸುತ್ತ 100 ಮೈಕ್ರೋಗ್ರಾಂ, ಅಂದರೆ ಒಂದೆರಡು ಜೇನು ಕಡಿದಷ್ಟು. ಅಲ್ಲಿಂದ ಮೂರರಿಂದ ಐದು ವರ್ಷ ಅದೇ ಪ್ರಮಾಣ. ಚಿಕಿತ್ಸೆ ಹತ್ತಿದವರ ಬೇಸೋಫಿಲ್‌ಗಳು ಮೊದಲು ಸಿಡಿಯುತ್ತಿದ್ದಷ್ಟು ವಿಷಕ್ಕೆ ಸಿಡಿಯುವುದನ್ನು ನಿಲ್ಲಿಸುತ್ತವೆ. ಜೇನಿನ ವಿಷದಲ್ಲಿ ಹತ್ತಕ್ಕೆ ಎಂಟು ಮಂದಿ ಹೀಗೆ ಪಾರಾಗುತ್ತಾರೆ.

ಆ ಎಂಟರಲ್ಲಿ ತಾನಿದ್ದೇನೆಯೇ ಅಂತ ತಿಳಿಯುವುದು ಹೇಗೆ? ಯುರೋಪಿನ ಕೆಲವು ಆಸ್ಪತ್ರೆಗಳಲ್ಲಿ ಅದಕ್ಕೊಂದು ಎದೆಗಾರಿಕೆಯ ಪರೀಕ್ಷೆ ಇದೆ. ರಕ್ತನಾಳಕ್ಕೆ ಸೂಜಿ ಹಾಕುತ್ತಾರೆ. ಎದೆಗೆ ಮಾನಿಟರ್ ತಂತಿ ಹಚ್ಚುತ್ತಾರೆ. ಅಡ್ರಿನಲಿನ್ ಸಿರಿಂಜು ಕೈಗೆಟಕುವಂತೆ ಇಡುತ್ತಾರೆ. ಆಮೇಲೆ ಜೀವಂತ ಜೇನುಹುಳ ಒಂದನ್ನು ಚಿಮಟದಲ್ಲಿ ತಂದು ಮುಂದೋಳಿನ ಮೇಲೆ ಒತ್ತಿ ಹಿಡಿಯುತ್ತಾರೆ. ಹುಳ ಹೊಟ್ಟೆ ಬಗ್ಗಿಸುತ್ತದೆ. ಮುಳ್ಳು ಇಳಿಯುತ್ತದೆ. ನರ್ಸ್ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳುತ್ತಾರೆ. ಐದು ನಿಮಿಷಕ್ಕೊಮ್ಮೆ ರಕ್ತದೊತ್ತಡ. ಹತ್ತು ನಿಮಿಷ. ಹದಿನೈದು. ಚಿಕಿತ್ಸೆ ಹಿಡಿದವರ ತೋಳು ಕಡಿದಲ್ಲಿ ಮಾತ್ರ ಊದುತ್ತದೆ, ಗಂಟಲು ತೆರೆದೇ ಇರುತ್ತದೆ. ಸಂಜೆ ಹೊತ್ತಿಗೆ ಸೂಜಿ ಕಿತ್ತು ಮನೆಗೆ ಕಳಿಸುತ್ತಾರೆ.